‘ಇತರೆ’ಗೆ ಇಪ್ಪತ್ತು ಅಂಕ

ಎದುರು ಮನೆಯ ಸ್ಫೂರ್ತಿ ಮೊನ್ನೆ ಸಂಜೆ ಒಂದು ಹಾಳೆ ಹಿಡಿದುಕೊಂಡು ಬಂದಳು. ಆಗತಾನೇ ಜೆರಾಕ್ಸ್ ಮಾಡಿಸಿದ್ದು. ಕಾಗದ ಇನ್ನೂ ಬೆಚ್ಚಗಿತ್ತು, ಮಸಿಯ ವಾಸನೆ ಬರುತ್ತಿತ್ತು. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ನನ್ನನ್ನು ತಾತ ಎನ್ನದೆ ಇನ್ನೂ ‘ಅಂಕಲ್’ ಎಂದು ಕರೆಯುವವಳು ಅವಳೊಬ್ಬಳೇ. ಆದ್ದರಿಂದ ಅವಳು ಏನು ಕೇಳಿದರೂ ನಾನು ಇಲ್ಲ ಎನ್ನುವುದಿಲ್ಲ.

“ಅಂಕಲ್, ನೀವು ಫ್ಯಾಕ್ಟ್ರೀಲಿ ಜನಾನ ಕೆಲಸಕ್ಕೆ ತಗೊಳ್ತಿದ್ರಂತಲ್ಲ. ಇದನ್ನ ಹೆಂಗೆ ತುಂಬ್ಲಿ ಹೇಳಿ” ಎಂದಳು.

ಓದಿದ ವಿದ್ಯೆಯ ಜೊತೆಗೆ ಕಂಪನಿಯವರು ಇನ್ನೇನು ನೋಡುತ್ತಾರೆ ಎಂಬ ಪಟ್ಟಿ ಅದು. ಎಲ್ಲರೊಂದಿಗೆ ಹೊಂದಿಕೊಳ್ಳುವುದು, ಮಾತಿನಲ್ಲಿ ಸ್ಪಷ್ಟತೆ, ತಪ್ಪು ಒಪ್ಪಿಕೊಳ್ಳುವುದು, ಪ್ರಾಮಾಣಿಕತೆ, ಹೀಗೆ. ಪ್ರತಿಯೊಂದಕ್ಕೂ ಐದರಲ್ಲಿ ಎಷ್ಟು ಎಂದು ತಾನೇ ಅಂಕ ಹಾಕಿಕೊಳ್ಳಬೇಕಂತೆ.

“ಪ್ರಾಮಾಣಿಕತೆಗೆ ಐದು ಹಾಕಿದ್ರೆ ಜಂಬ ಅನ್ಕೋತಾರೆ. ನಾಲ್ಕು ಹಾಕಿದ್ರೆ ಉಳಿದ ಒಂದು ಏನಾಯ್ತು ಅಂತಾರೆ. ಏನ್ ಮಾಡ್ಲಿ?”

ನನಗೆ ನಗು ಬಂತು. “ನಾಳೆ ಬೆಳಿಗ್ಗೆ ಬಾರಮ್ಮ” ಎಂದು ಕಳಿಸಿದೆ. ಆದರೆ ಆ ಮಸಿಯ ವಾಸನೆ ಮೂಗಿನಲ್ಲೇ ಉಳಿದುಬಿಟ್ಟಿತು. ನಮ್ಮ ಕಾಲದಲ್ಲಿ ಪ್ರತಿ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರದ ಮಸಿಗೂ ಇಂಥದ್ದೇ, ಇದಕ್ಕಿಂತ ಘಾಟಾದ ವಾಸನೆಯಿತ್ತು. ಕೈಗೆ ಅಂಟಿದರೆ ಎರಡು ದಿನ ಹೋಗುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ನಮ್ಮಮ್ಮ ನನ್ನ ಬೆರಳು ನೋಡಿ, “ಏನ್ಲಾ, ಆಪೀಸಲ್ಲಿ ಕೂತ್ಕೋತೀಯೋ, ಗ್ಯಾರೇಜಲ್ಲಿ ಮಲಗ್ತೀಯೋ?” ಎನ್ನುತ್ತಿದ್ದಳು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಅಂತರಸನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಮಾಡುವ ಒಂದು ಸಣ್ಣ ಕಾರ್ಖಾನೆ. ಈಗ ಅದಿಲ್ಲ. ಎಂಬತ್ತು ಜನ ಕೆಲಸಗಾರರು, ಅವರ ಹಾಜರಿ, ರಜೆ, ನೇಮಕದ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುವ ಒಂದು ಪರ್ಸನಲ್ ವಿಭಾಗ. ವಿಭಾಗ ಎಂದರೆ ನಾನು, ಒಂದು ಮೇಜು, ಒಂದು ಟೈಪ್‌ರೈಟರು, ಆ ಸೈಕ್ಲೋಸ್ಟೈಲ್ ಯಂತ್ರ, ಹಿಡಿ ಮುರಿದ ಒಂದು ಬೀರು. ಇಷ್ಟಕ್ಕೇ ನಾನು ಸೈಕಲ್ಲಿನ ಹ್ಯಾಂಡಲ್ಲಿಗೆ ಚರ್ಮದ ಬ್ಯಾಗು ನೇತು ಹಾಕಿಕೊಂಡು, ಇಸ್ತ್ರಿ ಕೆಡದಂತೆ ನೆಟ್ಟಗೆ ಕೂತು ಕಾರ್ಖಾನೆಗೆ ಹೋಗುತ್ತಿದ್ದೆ. ಬ್ಯಾಗಿನಲ್ಲಿ ಊಟದ ಡಬ್ಬಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ನಮ್ಮ ಮ್ಯಾನೇಜರು ಪುಟ್ಟಸ್ವಾಮಯ್ಯ ಕುಣಿಗಲ್ ಕಡೆಯವರು. ನಿಧಾನದ ಮನುಷ್ಯ. ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕನ್ನಡಕ ಒರೆಸುತ್ತಾ ಕೂರುವರು. ಎದುರಿಗಿದ್ದವನು ಸುಳ್ಳು ಹೇಳಬೇಕೆಂದಿದ್ದರೂ ಆ ಮೌನಕ್ಕೆ ಹೆದರಿ ನಿಜ ಹೇಳಿಬಿಡುತ್ತಿದ್ದ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಅಂದು ನಾನು, “ಟೈಪಿಂಗ್ ಲೋಯರ್ ಪಾಸಾಗಿದೆ ಸಾರ್, ಆದ್ರೆ ಎದುರಿಗೆ ಯಾರಾದ್ರೂ ನಿಂತ್ರೆ ಕೈ ನಡುಗುತ್ತೆ” ಎಂದಿದ್ದೆ. ಅವರು ಎದ್ದು ಹೋಗಿ, ನಾನು ಒಂದು ಪುಟ ಟೈಪು ಮಾಡಿ ಮುಗಿಸುವವರೆಗೆ ನನಗೆ ಬೆನ್ನು ಮಾಡಿ ಕಿಟಕಿಯಾಚೆ ನೋಡುತ್ತಾ ನಿಂತರು. ಅದು ಎಂಥ ದೊಡ್ಡತನವೆಂದು ಆ ವಯಸ್ಸಿನಲ್ಲಿ ನನಗೆ ಅರ್ಥವಾಗಿರಲಿಲ್ಲ. ಬೀದಿಯಲ್ಲಿ ಏನೋ ನೋಡುತ್ತಿದ್ದಾರೆ ಎಂದುಕೊಂಡಿದ್ದೆ.

ಸಂದರ್ಶನಕ್ಕೆಂದು ಅವರು ಒಂದು ಪಟ್ಟಿ ಮಾಡಿಸಿದ್ದರು. ಐಟಿಐ ಪರೀಕ್ಷೆಗೆ ನಲವತ್ತು ಅಂಕ, ಕೈಕೆಲಸದ ಪರೀಕ್ಷೆಗೆ ನಲವತ್ತು, ‘ಇತರೆ’ಗೆ ಇಪ್ಪತ್ತು. ಮೊದಲ ಎರಡನ್ನು ಮಸಿಯಲ್ಲಿ ಬರೆಯುತ್ತಿದ್ದರು, ಮೂರನೆಯದನ್ನು ಮಾತ್ರ ಪೆನ್ಸಿಲಿನಲ್ಲಿ. ಈ ‘ಇತರೆ’ ಎಂಬುದು ಶಿಫಾರಸಿನವರನ್ನು ಒಳಗೆ ಬಿಟ್ಟುಕೊಳ್ಳುವ ಹಿಂಬಾಗಿಲು ಎಂದು ನಾನು ಕ್ಯಾಂಟೀನಿನಲ್ಲಿ ಪಿಸುಗುಟ್ಟಿದ್ದುಂಟು. ನಾನೂ ಅದೇ ಬಾಗಿಲಿನಿಂದ ಬಂದವನೆಂಬುದು ಆಗ ಹೊಳೆಯಲಿಲ್ಲ ನೋಡಿ.

ಒಮ್ಮೆ ವೈಂಡಿಂಗ್ ವಿಭಾಗದಲ್ಲಿ, ಅಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕಡೆ, ಒಂದು ಜಾಗ ಖಾಲಿಯಾಯಿತು. ಇಪ್ಪತ್ತೆರಡು ಜನ ಬಂದರು. ಅವರಲ್ಲಿ ಇಬ್ಬರ ಹೆಸರು, ಇನಿಷಿಯಲ್ಲು ಸಮೇತ ಒಂದೇ: ಜಿ. ಬಸವರಾಜು. (ನಿಜವಾದ ಹೆಸರು ಬೇರೆ, ಒಂದೇ ಆಗಿದ್ದದ್ದು ಮಾತ್ರ ನಿಜ.) ಒಬ್ಬ ಗುಬ್ಬಿ ತಾಲ್ಲೂಕಿನ ಚೇಳೂರಿನವನು, ಇನ್ನೊಬ್ಬ ಕುಣಿಗಲ್ ಹತ್ತಿರದವನು.

ಪುಟ್ಟಸ್ವಾಮಯ್ಯನವರು ಎಲ್ಲರಿಗೂ ಕೊನೆಗೊಂದು ಪ್ರಶ್ನೆ ಕೇಳಿದರು. “ನೀವು ಕೈಯಾರೆ ಮಾಡಿ ಕೆಡಿಸಿದ ಕೆಲ್ಸ ಒಂದು ಹೇಳಿ.”

ಹೆಚ್ಚಿನವರು ತಬ್ಬಿಬ್ಬಾದರು. ಒಬ್ಬ ತನ್ನ ಮೇಷ್ಟ್ರನ್ನು ದೂರಿದ. ಚೇಳೂರಿನ ಬಸವರಾಜು ಮಾತ್ರ ಮುಖ ಅರಳಿಸಿಕೊಂಡು ಹೇಳಿದ. ಗುಬ್ಬಿಯಲ್ಲಿ ಅವನ ಸೋದರಮಾವನದು ಮೋಟಾರು ರಿಪೇರಿ ಅಂಗಡಿ. ಒಂದು ತೋಟದ ಮೋಟಾರಿಗೆ ಇವನು ತಂತಿ ತಿರುವುಮುರುವು ಕೊಟ್ಟುಬಿಟ್ಟಿದ್ದ. ಪಂಪು ಹಿಂದುಮುಂದಾಗಿ ತಿರುಗಿ, ನೀರು ಮೇಲೆ ಬರಲೇ ಇಲ್ಲ. ತೋಟದವರು ಬಾವಿಗಿಳಿದು, ಪೈಪು ಬಿಚ್ಚಿ, ಎರಡು ದಿನ ಒದ್ದಾಡಿದರು.

“ಆಮೇಲೆ?”

“ಅನ್ನ ಉಣ್ತಾ ಇರ್ಬೇಕಾದ್ರೆ ಹೊಳೀತು ಸಾರ್. ಎದ್ದು ಓಡೋದೆ. ಎರಡೇ ಎರಡು ತಂತಿ ಅದಲುಬದಲು ಮಾಡ್ದೆ, ನೀರು ಬಂತು. ‘ತಪ್ಪು ನಂದೇ, ಬಾವೀದಲ್ಲ’ ಅಂದೆ.”

“ಏನಂದ್ರು?”

“ಚೆನ್ನಾಗಿ ಬೈದ್ರು ಸಾರ್. ಆಮೇಲೆ ಮಜ್ಜಿಗೆ ಕೊಟ್ರು.”

ಪೆನ್ಸಿಲು ಹದಿನೆಂಟು ಎಂದು ಬರೆದದ್ದನ್ನು ಕಂಡೆ. ಕುಣಿಗಲ್ಲಿನ ಬಸವರಾಜು ಓದಿನಲ್ಲೂ ಕೈಕೆಲಸದಲ್ಲೂ ಅವನಿಗಿಂತ ಮುಂದಿದ್ದ. ಆದರೆ ಈ ಪ್ರಶ್ನೆಗೆ ನೆಲ ನೋಡುತ್ತಾ, “ಅಂಥದ್ದೇನೂ ಇಲ್ಲ ಸಾರ್” ಎಂದ. ಕನ್ನಡಕ ಒರೆಸಿದ್ದಾಯಿತು, ಮತ್ತೆ ಹಾಕಿಕೊಂಡದ್ದೂ ಆಯಿತು. ಅವನು ಬಾಯಿ ಬಿಡಲಿಲ್ಲ. ಪೆನ್ಸಿಲು ಐದು ಎಂದು ಬರೆಯಿತು. ಒಟ್ಟು ಲೆಕ್ಕದಲ್ಲಿ ಚೇಳೂರಿನವನು ಮೊದಲಿಗನಾದ.

ಮಾರನೆಯ ದಿನ ಪುಟ್ಟಸ್ವಾಮಯ್ಯನವರು ಹೆಂಡತಿಯ ಆಪರೇಷನ್ನಿಗೆಂದು ಒಂದು ತಿಂಗಳ ರಜೆಯ ಮೇಲೆ ಮೈಸೂರಿಗೆ ಹೊರಟರು. ಹೊರಡುವ ಗಡಿಬಿಡಿಯಲ್ಲಿ ನಾನು ಬರೀ ಹೆಸರು ಟೈಪು ಮಾಡಿ ನೇಮಕದ ಆದೇಶಕ್ಕೂ, ಉಳಿದವರಿಗೆ ಕಳಿಸುವ ವಿಷಾದದ ಕಾಗದಗಳಿಗೂ ಸಹಿ ಹಾಕಿಸಿಕೊಂಡೆ. ವಿಳಾಸ ಆಮೇಲೆ ಬರೆದರಾಯಿತು ಎಂದುಕೊಂಡೆ. ಸಂಜೆ ಅರ್ಜಿಗಳ ಕಟ್ಟು ತೆಗೆದಾಗ ಜಿ. ಬಸವರಾಜು ಎಂಬ ಅರ್ಜಿ ಮೇಲೇ ಇತ್ತು. ಪಟ್ಟಿಯಲ್ಲಿ ಊರು ಯಾವುದೆಂದು ನೋಡದೆ, ಅಲ್ಲಿದ್ದ ವಿಳಾಸವನ್ನೇ ನೇಮಕದ ಆದೇಶಕ್ಕೆ ಬರೆದು ಅಂಚೆಗೆ ಹಾಕಿದೆ. ಇನ್ನೊಂದು ಅರ್ಜಿ ಅದರ ಕೆಳಗಿತ್ತು; ಆ ವಿಳಾಸಕ್ಕೆ ವಿಷಾದದ ಕಾಗದ ಹೋಯಿತು.

ಹತ್ತು ದಿನಕ್ಕೆ ಬಸವರಾಜು ಬಂದು ಕೆಲಸಕ್ಕೆ ಸೇರಿದ. ಇಪ್ಪತ್ತೆರಡು ಮುಖಗಳಲ್ಲಿ ಯಾವುದು ಯಾರದೆಂದು ನನಗೇನು ನೆನಪು? ಉಪ್ಪಾರಹಳ್ಳಿಯಲ್ಲೇ ನಮ್ಮ ಮನೆಗೆ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದ. ಅಪ್ಪ ಅಮ್ಮ ಇರಲಿಲ್ಲ. ತಂಗಿಯನ್ನು ಕರೆತಂದು ಇಲ್ಲಿನ ಹೈಸ್ಕೂಲಿಗೆ ಸೇರಿಸಿದ. ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಹೋಗುವಾಗ ದಾರಿಯಲ್ಲಿ ಸಿಕ್ಕರೆ, “ಸಾರ್, ನಿಮ್ ಕೈಯಿಂದ ಬಂದ ಕಾಗ್ದ ಸಾರ್, ನಮ್ಮನೆ ದೇವರ ಫೋಟೋ ಹಿಂದೆ ಮಡಗಿದೀನಿ” ಎನ್ನುತ್ತಿದ್ದ. ನಾನು ದೊಡ್ಡ ಅಧಿಕಾರಿಯಂತೆ ತಲೆಯಾಡಿಸುತ್ತಿದ್ದೆ.

ಮೂರನೆಯ ವಾರ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಚೇಳೂರಿನಿಂದ. “ಮಾನ್ಯರೇ, ತಮ್ಮ ಪತ್ರ ತಲುಪಿತು. ನಾನು ಯಾವುದರಲ್ಲಿ ಕಡಿಮೆ ಬಿದ್ದೆ ಎಂದು ತಿಳಿಸಿದರೆ ಅದನ್ನು ಕಲಿತುಕೊಳ್ಳುತ್ತೇನೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಜಿ. ಬಸವರಾಜು.”

ಹೀಗೆ ಕೇಳಿ ಬರೆದವರು ಅದುವರೆಗೆ ಯಾರೂ ಇರಲಿಲ್ಲ. ಏನು ಕಡಿಮೆ ಬಿದ್ದನೋ ನೋಡೋಣ ಎಂದು ಬೀರು ತೆರೆದು ಪಟ್ಟಿ ತೆಗೆದೆ. ಅವನ ಹೆಸರಿನ ಮುಂದೆ, ಚೇಳೂರು ಎಂಬ ಊರಿನ ಪಕ್ಕ, ಪುಟ್ಟಸ್ವಾಮಯ್ಯನವರ ಕೆಂಪು ಪೆನ್ಸಿಲಿನ ಗುರುತು. ಆಯ್ಕೆಯಾದವನು ಅವನು. ಅವನಿಗೆ ಏನೂ ಕಡಿಮೆ ಬಿದ್ದಿರಲಿಲ್ಲ.

ಬೀರುವಿನ ಬಾಗಿಲು ಹಿಡಿದುಕೊಂಡೇ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಆ ಗೋಡೆಯಾಚೆಗೇ ಕುಣಿಗಲ್ಲಿನ ಬಸವರಾಜು ತಲೆ ಬಗ್ಗಿಸಿ ತಂತಿ ಸುತ್ತುತ್ತಿದ್ದ.

ಎಂಟು ದಿನ ಯಾರಿಗೂ ಹೇಳಲಿಲ್ಲ. ನಿಮ್ಮ ಮುಂದೆ ದೊಡ್ಡವನಾಗಿ ಕಾಣಬೇಕೆಂಬ ಆಸೆ ನನಗೂ ಇದೆ. ಆದರೆ ಆ ಎಂಟು ದಿನ ನಾನು ಯೋಚಿಸಿದ್ದು ತಪ್ಪು ಸರಿಪಡಿಸುವುದನ್ನಲ್ಲ, ಮುಚ್ಚುವುದನ್ನು. ಅಂಕ, ಗುರುತು ಎರಡೂ ಪೆನ್ಸಿಲಿನವು ತಾನೇ, ರಬ್ಬರು ಹಿಡಿದು ಉಜ್ಜಿದರಾಯಿತು ಎಂದು ಒಮ್ಮೆ ರಬ್ಬರು ಕೈಗೆತ್ತಿಕೊಂಡದ್ದೂ ಉಂಟು. ಆದರೆ ಪಟ್ಟಿಯ ಪಕ್ಕದಲ್ಲೇ ಆ ಕಾಗದ ಬಿದ್ದಿತ್ತು. ‘ಕಲಿತುಕೊಳ್ಳುತ್ತೇನೆ’ ಎಂದಿದ್ದ ಆ ಮನುಷ್ಯ. ಏನನ್ನು ಕಲಿತುಕೋ ಎಂದು ಬರೆಯಲಿ ಅವನಿಗೆ? ರಬ್ಬರು ಕೆಳಗಿಟ್ಟೆ.

ಪುಟ್ಟಸ್ವಾಮಯ್ಯನವರು ರಜೆ ಮುಗಿಸಿ ಬಂದ ಬೆಳಿಗ್ಗೆ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ.

“ಯಾವಾಗ ಗೊತ್ತಾಯ್ತು?”

“ಎಂಟು ದಿನ ಆಯ್ತು ಸಾರ್.”

“ಎಂಟು ದಿನ ಏನ್ ಮಾಡ್ತಿದ್ರಿ?”

“ಹೆದರ್ಕೊಂಡಿದ್ದೆ ಸಾರ್.”

ಕನ್ನಡಕ ತೆಗೆದು ಒರೆಸತೊಡಗಿದರು. ಕೆಲಸ ಹೋಯಿತು ಎಂದುಕೊಂಡೆ. ಕೊನೆಗೆ, “ಚೇಳೂರಿಗೆ ಹೋಗ್ಬನ್ನಿ. ಇದು ಕಾಗದದಲ್ಲಿ ಬರೆಯೋ ವಿಷಯ ಅಲ್ಲ. ಆ ಹುಡುಗ ಏನಂತಾನೋ ಕೇಳ್ಕೊಂಡು ಬನ್ನಿ. ಬೇಕೂಂದ್ರೆ ಕೆಲ್ಸ ಅವನದೇ” ಎಂದರು.

“ನಾನೊಬ್ನೇನಾ ಸಾರ್?”

“ವಿಳಾಸ ಬರೆದೋರು ಇನ್ಯಾರ್ರೀ?”

ಗುಬ್ಬಿಯವರೆಗಿನ ಬಸ್ಸಿನಲ್ಲಿ ನಾನೊಂದು ಭಾಷಣ ಸಿದ್ಧ ಮಾಡಿಕೊಂಡೆ. ‘ಕಚೇರಿಯ ಕಣ್ತಪ್ಪಿನಿಂದ’ ಎಂದು ಅದರ ಆರಂಭ. ಗುಬ್ಬಿಯಲ್ಲಿ ಇಳಿದು ಚೇಳೂರಿನ ಬಸ್ಸು ಹತ್ತುವಾಗ ಕಚೇರಿಗೆ ಕಣ್ಣು ಎಲ್ಲಿಂದ ಬಂತು ಎನ್ನಿಸಿತು. ಊರು ಹತ್ತಿರವಾದಂತೆ ಭಾಷಣವೆಲ್ಲ ಉದುರಿ, ‘ನಾನು ತಪ್ಪು ಮಾಡಿದೆ’ ಎಂಬ ಮೂರು ಪದ ಉಳಿಯಿತು.

ಮನೆ ಸುಲಭವಾಗಿ ಸಿಕ್ಕಿತು. ಜಗಲಿಯ ಮೇಲೆ ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದ ಅವನ ತಾಯಿ, ತುಮಕೂರಿನ ಫ್ಯಾಕ್ಟರಿಯವನೆಂದು ತಿಳಿದದ್ದೇ ಕೈ ಕೊಡವಿ ಎದ್ದರು. “ಕೆಲ್ಸ ಕೊಡಕ್ಕೆ ಬಂದ್ರಾ ಸ್ವಾಮಿ? ಕೂತ್ಕಳಿ, ಕೂತ್ಕಳಿ. ತೋಟದ ಕಡೆ ಮೋಟ್ರು ನೋಡಕ್ಕೋಗವ್ನೆ, ಈಗ ಬತ್ತಾನೆ.” ಎಳನೀರು ಕೆತ್ತಿ ತಂದು ಕೊಟ್ಟರು. ಅದನ್ನು ಕುಡಿಯದೆ ಕೈಯಲ್ಲೇ ಹಿಡಿದು ಕೂತೆ.

ಬಸವರಾಜು ಕೈಯೆಲ್ಲ ಗ್ರೀಸು ಮಾಡಿಕೊಂಡು ಬಂದ. ನಿಂತೇ ಎಲ್ಲ ಕೇಳಿಸಿಕೊಂಡ. ನಾನು ಮುಗಿಸಿದ ಮೇಲೆ ಅವನು ಮೊದಲು ಕೇಳಿದ್ದು ಇದು:

“ಅಂದ್ರೆ ನಂಗೆ ಏನೂ ಕಮ್ಮಿ ಬಿದ್ದಿರ್ಲಿಲ್ವಾ ಸಾರ್?”

“ಇಲ್ಲ. ನೀವೇ ಫಸ್ಟು.”

ಅವನ ಮುಖದಲ್ಲಿ ಸಂತೋಷ ಕಾಣಿಸಿತು. ಕೆಲಸ ಕಳೆದುಕೊಂಡ ಸುದ್ದಿಗೆ ಅವನು ಸಂತೋಷಪಡುತ್ತಿದ್ದುದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಕೈಯ ಗ್ರೀಸು ಒರೆಸಿಕೊಳ್ಳುತ್ತಾ, “ಆ ಇನ್ನೊಬ್ರು ಕೆಲ್ಸ ಹೆಂಗೆ ಮಾಡ್ತವ್ರೆ?” ಎಂದ.

“ಚೆನ್ನಾಗಿ ಮಾಡ್ತಾರೆ. ತಂಗೀನ ಕರ್ಕೊಂಡು ಬಂದು ಸ್ಕೂಲಿಗೆ ಸೇರ್ಸಿದಾರೆ” ಎಂದೆ. ಹೇಳಬಾರದಾಗಿತ್ತೇನೋ. ಆದರೆ ಕೇಳಿದ್ದಕ್ಕೆ ನಿಜ ಹೇಳಲೇಬೇಕಿತ್ತು.

“ಹಂಗಾದ್ರೆ ಅವ್ರನ್ನ ತೆಗೀಬೇಡಿ.”

ತಾಯಿ ಹುಣಿಸೆಹಣ್ಣಿನ ಮೊರ ತಳ್ಳಿದರು. “ಏನ್ಲಾ ಬಸ್ರಾಜ, ತಲೆ ನೆಟ್ಟಗಿದ್ದದಾ? ನಿಂಗಂತ ಬಂದ ಕೆಲ್ಸ ಇನ್ನೊಬ್ನಿಗೆ ಬುಟ್ಕೊಡ್ತೀಯಾ?”

“ಅವ್ವ, ಅವ್ನು ಸೇರ್ಕಂಡು ಮೂರು ವಾರ ಆಗ್ತಾ ಬಂತು. ಹೆಸ್ರು ಒಂದೇ ಇದ್ರೆ ಅವ್ನೇನ್ ಮಾಡ್ತಾನೆ?”

“ನೀನೇನ್ ಮಾಡಿದ್ದೆ? ಅದನ್ನೇಳು” ಎಂದರು ಆಕೆ. ಆಕೆ ಹೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ಕಡೆ ಮತ್ತೆ ನೋಡದೆ ಒಳಗೆ ಹೋದರು.

ಬಸವರಾಜು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ದಾರಿಯಲ್ಲಿ ಮೂರು ಮಾತು ಹೇಳಿದ. ಮುಂದೆ ಜಾಗ ಖಾಲಿಯಾದರೆ ಮೊದಲು ತನಗೆ ತಿಳಿಸಬೇಕು. ತಾನು ಆಯ್ಕೆಯಾಗಿದ್ದೆ ಎಂದು ಮ್ಯಾನೇಜರ ಸಹಿಯ ಒಂದು ಕಾಗದ ಬೇಕು, “ಅವ್ವಂಗೆ ತೋರ್ಸಕ್ಕೆ”. ಮೂರನೆಯದು, “ಆ ಬಸವರಾಜಂಗೆ ಇದು ಗೊತ್ತಾಗೋದು ಬ್ಯಾಡ ಸಾರ್. ಗೊತ್ತಾದ್ರೆ ಕೆಲ್ಸ ಮಾಡೋವಾಗ ಕೈ ನಡುಗ್ತದೆ.”

ಕೈ ನಡುಗುವುದೆಂದರೇನೆಂದು ಟೈಪಿಸ್ಟನಾದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾತು ಕೊಟ್ಟೆ.

ಪುಟ್ಟಸ್ವಾಮಯ್ಯನವರು ಇದನ್ನೆಲ್ಲ ಕೇಳಿ ಮೂರೂ ಮಾತಿಗೆ ಒಪ್ಪಿದರು. ಅವನಿಗೆ ಕಾಗದ ಬರೆಸಿದರು. ನನಗೂ ಒಂದು ಮೆಮೊ ಬರೆಸಿದರು; ಅದನ್ನು ನಾನೇ ಟೈಪು ಮಾಡಬೇಕಾಯಿತು, ಅದರಲ್ಲೂ ಎರಡು ತಪ್ಪು ಬಿದ್ದವು. “ಎಂಟು ದಿನ ತಡ ಮಾಡಿದ್ದಕ್ಕೆ ಈ ಮೆಮೊ. ನೀವಾಗೇ ಬಂದು ಹೇಳಿದ್ದಕ್ಕೆ ಕೆಲ್ಸ ಉಳೀತು” ಎಂದರು. ಅಂದಿನಿಂದ ಆಯ್ಕೆಯಾಗದ ಪ್ರತಿಯೊಬ್ಬರಿಗೂ, ಯಾವುದರಲ್ಲಿ ಕಡಿಮೆ ಬಿತ್ತು ಎಂದು ಒಂದು ಸಾಲು ಬರೆದೇ ಕಾಗದ ಕಳಿಸಬೇಕೆಂದು ಹೇಳಿದರು. ಆ ಕಾರ್ಖಾನೆ ಇರುವವರೆಗೂ ಬರೆದೆ. ನನಗೆ ಮನುಷ್ಯರನ್ನು ನೋಡುವುದು ಸ್ವಲ್ಪವಾದರೂ ಬಂದಿದ್ದರೆ ಆ ಒಂದೊಂದು ಸಾಲಿನಿಂದ ಬಂತು.

ಮುಂದಿನ ವರ್ಷ ಜಾಗ ಖಾಲಿಯಾಗಿ ಚೇಳೂರಿನ ಬಸವರಾಜು ಬಂದು ಸೇರಿದ. ಇಬ್ಬರು ಜಿ. ಬಸವರಾಜುಗಳೂ ಒಂದೇ ಬೆಂಚಿನ ಆ ತುದಿ ಈ ತುದಿಯಲ್ಲಿ ಕೂತು ತಂತಿ ಸುತ್ತಿದರು. ಹಾಜರಿ ಪುಸ್ತಕದಲ್ಲಿ ಊರಿನ ಹೆಸರನ್ನು ನಾನು ದಪ್ಪ ಅಕ್ಷರದಲ್ಲಿ ಬರೆದೆ. ಇಬ್ಬರೂ ಒಳ್ಳೆಯ ಸ್ನೇಹಿತರಾದರು. ಕುಣಿಗಲ್ಲಿನವನ ತಂಗಿಯ ಮದುವೆಯಲ್ಲಿ ಬಡಿಸಲು ನಿಂತವರಲ್ಲಿ ಚೇಳೂರಿನವನೇ ಮುಂದಾಳು.

ಇನ್ನೊಂದು ವಿಷಯ ಹೇಳಬೇಕು. ಐದು ಅಂಕದ ಆ ಕುಣಿಗಲ್ಲಿನ ಬಸವರಾಜು ಹೊಸದಾಗಿ ಬಂದವರಿಗೆಲ್ಲ ಬೇಸರವಿಲ್ಲದೆ ಕೆಲಸ ಹೇಳಿಕೊಡುವವನಾದ. ಯಾರಾದರೂ ಸುರುಳಿ ಕೆಡಿಸಿದರೆ ಬೈಯದೆ ಬಿಚ್ಚಿ, ಮತ್ತೆ ಸುತ್ತಿ ತೋರಿಸುವನು. ಒಂದು ದಿನ ಪುಟ್ಟಸ್ವಾಮಯ್ಯನವರು ಅವನನ್ನು ನಿಲ್ಲಿಸಿ, “ಅವತ್ತು ನಾನು ಕೇಳಿದ್ದಕ್ಕೆ ಯಾಕೆ ಏನೂ ಹೇಳ್ಲಿಲ್ಲ?” ಎಂದು ಕೇಳಿಯೇಬಿಟ್ಟರು.

ಅವನು ನಾಚಿಕೊಂಡು ಹೇಳಿದ. “ಐಟಿಐಯಲ್ಲಿ ಎಂಟು ಜನಕ್ಕೆ ಒಂದು ಮೋಟ್ರು ಸಾರ್. ಬರೀ ನೋಡ್ತಿದ್ವಿ. ಕೆಡಿಸೋಕೆ ಯಾರಾದ್ರೂ ಕೆಲ್ಸ ಕೊಟ್ಟಿದ್ರೆ ತಾನೇ?”

ಅವನು ಹೋದ ಮೇಲೆ ಪುಟ್ಟಸ್ವಾಮಯ್ಯನವರು, “ಹತ್ತು ನಿಮಿಷದಲ್ಲಿ ಮನುಷ್ಯನ್ನ ಅಳೀತೀನಿ ಅನ್ಕೊಂಡಿದ್ದೆ ಕಣ್ರಿ. ಅವನು ನಿಜ ಹೇಳಿದ್ದ, ನಾನು ಐದು ಕೊಟ್ಟೆ” ಎಂದರು. ಆಮೇಲೆ ಅವರ ಪ್ರಶ್ನೆ ಬದಲಾಗಲಿಲ್ಲ, ಆದರೆ ಉತ್ತರಕ್ಕೆ ಕಾಯುವ ಹೊತ್ತು ಹೆಚ್ಚಾಯಿತು. ಅವರು ಹೋಗಿ ಬಹಳ ವರ್ಷವಾಯಿತು. ನನಗೆ ಅನ್ನ ಕೊಟ್ಟವರು ಎನ್ನುವುದಕ್ಕಿಂತ, ನನ್ನ ತಪ್ಪನ್ನು ನನ್ನ ಕೈಯಲ್ಲೇ ಕೊಟ್ಟು ಚೇಳೂರಿನ ಬಸ್ಸು ಹತ್ತಿಸಿದವರು ಎಂದು ಅವರನ್ನು ನೆನೆಯುತ್ತೇನೆ.

ನಿನ್ನೆ ಬೆಳಿಗ್ಗೆ ಸ್ಫೂರ್ತಿ ಬಂದಾಗ, “ಎಷ್ಟಾದ್ರೂ ಹಾಕು, ಪೆನ್ಸಿಲಲ್ಲಿ ಹಾಕು” ಎಂದೆ. ಅವಳು ಇದೂ ಒಂದು ಉತ್ತರವೇ ಎಂಬಂತೆ ನೋಡಿ ಹೋದಳು. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಂದು ಚೇಳೂರಿನಲ್ಲಿ ನಾನು ಕ್ಷಮೆ ಕೇಳಿದ್ದೆ. ಧನ್ಯವಾದ ಹೇಳಿರಲಿಲ್ಲ, ಆಮೇಲೆ ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿಯೂ ಹೇಳಲಿಲ್ಲ. ಗುಬ್ಬಿ ಬಸ್ಸು ಹತ್ತಿದೆ.

ಚೇಳೂರಿನ ಬಸವರಾಜು ಈಗ ಗುಬ್ಬಿಯಲ್ಲಿ ಮಗನ ಅಂಗಡಿಯಲ್ಲಿ ಕೂರುತ್ತಾರೆ. ಕಿವಿ ಸ್ವಲ್ಪ ಮಂದ. ಕುಣಿಗಲ್ಲಿನ ಬಸವರಾಜು ಹಿಂದಿನ ವಾರವಷ್ಟೇ ಬಂದು ಹೋದರಂತೆ. ಕಾಗದ ಅದಲುಬದಲಾದ ವಿಷಯ ಅವರಿಗೆ ಇಂದಿಗೂ ಗೊತ್ತಿಲ್ಲ. ನಾನು ಬಂದ ಕಾರಣ ಹೇಳಿ, “ನಿಮ್ಮ ಹಾಗೆ ಸುಲಭವಾಗಿ ಬಿಟ್ಟುಕೊಡೋ ಗುಣ ಎಲ್ಲರಿಗೂ ಬರಲ್ಲ” ಎಂದೆ.

ಅವರು ಜೋರಾಗಿ ನಕ್ಕರು. “ಸುಲಭ ಅಂತ ಯಾರಂದ್ರು ಸಾರ್? ನೀವು ಬಸ್ ಹತ್ತಿದ್ ಮೇಲೆ ತೋಟಕ್ಕೋಗಿ ಅತ್ತೆ. ಯಾಕಾದ್ರೂ ಹಂಗಂದ್ನೋ ಅಂತ ವಾರ ಪೂರ್ತಿ ಹೊಟ್ಟೆ ಉರೀತು. ಒಂದಿನ ನನ್ ಕೆಲ್ಸ ನನಗೆ ಕೊಡಿ ಅಂತ ಕೇಳೇಬುಡಾನ ಅಂತ ತುಮಕೂರಿಗೆ ಹೊಂಟೂಬುಟ್ಟಿದ್ದೆ.”

ಇದು ನನಗೆ ಗೊತ್ತೇ ಇರಲಿಲ್ಲ. “ಮತ್ತೆ ಬರ್ಲಿಲ್ವಲ್ಲ?”

“ಇಲ್ಲೇ, ಗುಬ್ಬೀಲಿ ಇಳ್ಕಂಡ್ಬುಟ್ಟೆ. ದಾರಿ ಉದ್ದಕ್ಕೂ ಅವ್ನಿಗೆ ಶಾಪ ಹಾಕಾನ ಅಂತ ನೋಡಿದೆ ಸಾರ್. ‘ಬಸವರಾಜ ಹಾಳಾಗೋಗ್ಲಿ’ ಅಂದ್ರೆ ನನ್ನೇ ಬೈಕಂಡಂಗೆ ಆಗೋದು. ನಗು ಬಂದ್ಬುಡ್ತು. ನಕ್ಕ ಮೇಲೆ ಜಗಳ ಆಡಕ್ಕಾಯ್ತದಾ? ಇಳ್ಕಂಡು ನಮ್ ಮಾವನ ಅಂಗಡೀಗೆ ಹೋದೆ, ಒಂದು ಮೋಟ್ರು ಬಿಚ್ಚಿದೆ.”

ನಲವತ್ತು ವರ್ಷ ನಾನು ಅವರನ್ನು ಹುಟ್ಟಿನಿಂದಲೇ ದೊಡ್ಡ ಮನಸ್ಸು ಪಡೆದು ಬಂದವರೆಂದು ತಿಳಿದು, ನನ್ನ ಪಾಡಿಗೆ ನಾನು ಕೈಮುಗಿದು ದೂರ ನಿಂತಿದ್ದೆ. ಅತ್ತು, ಹೊಟ್ಟೆ ಉರಿದು, ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದ ಮನುಷ್ಯ ನನ್ನೆದುರಿಗೆ ಸ್ಟೂಲಿನ ಮೇಲೆ ಕೂತಿದ್ದರು. ಮೊದಲ ಬಾರಿಗೆ ಅವರು ನನಗೆ ಹತ್ತಿರದವರಾಗಿ ಕಂಡರು. ನನ್ನ ಸ್ಟೂಲನ್ನು ಅವರ ಕಿವಿಯ ಪಕ್ಕಕ್ಕೆ ಎಳೆದುಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದೆ:

“ಇಳಿದಿದ್ದಕ್ಕೆ ಥ್ಯಾಂಕ್ಸ್ ಕಣ್ರಿ ಬಸವರಾಜು.”

“ಏನು?” ಎಂದರು. ಇನ್ನೊಮ್ಮೆ ಹೇಳಿದೆ.